ಎಲ್ಮಾಸ್ ಕುಕ್ಕರಗಾಲಲ್ಲಿ ಕೂತಳು

ಗುಲಾಬಿಯನ್ನು ಬಿಸಿಲೇರುವ ಮೊದಲೇ ಕೀಳಬೇಕು. ತಡವಾದರೆ ಹೂವಿನೊಳಗಿನ ಎಣ್ಣೆ ಆರಿಹೋಗುತ್ತದೆ. ಸೆವ್ದಾ ಬೆಳಗಿನ ಐದಕ್ಕೇ ಗಾಂಚೊ ಸಾವ್ಕಾರನ ತೋಟದಲ್ಲಿದ್ದಳು. ಮುಳ್ಳು ಗೀರಿ ಗೀರಿ ಬೆರಳ ಸಂದಿಯಲ್ಲಿ ರಕ್ತ ಕರಿಗಟ್ಟಿತ್ತು. ಆ ಬೆರಳಲ್ಲೇ ಬೀಟ್‌ರೂಟಿನ ಹೋಳು ಹಿಡಿದು, ಆರು ವರ್ಷದ ಮಗಳು ಎಲ್ಮಾಸಳ ನೀಲಿ ತುಟಿಗೆ ತಿಕ್ಕುತ್ತಿದ್ದಳು.

"ಅವ್ವಾ, ಮಣ್ ವಾಸ್ನೆ."

"ಸುಮ್ನಿರು. ನೆಕ್ಬ್ಯಾಡ."

ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೇ ಮಗುವಿಗೆ ಇಕ್ಕಟ್ಟು, ಒಳಗೋಡೆಯಲ್ಲಿ ತೂತು ಬೇರೆ ಎಂದಿದ್ದರು ಪೇಟೆಯ ಡಾಕ್ಟರಮ್ಮ. ರಾಜಧಾನಿ ಸೋಫಿಯಾದ ಆಸ್ಪತ್ರೆಯಲ್ಲಿ ಕೊಯ್ದು ಸರಿಮಾಡಬೇಕು. ಇವತ್ತು ಸಂಜೆಯೊಳಗೆ ಸೇರಿಸಬೇಕು. "ನೀಲಿಯಾದಾಗ ಕುಕ್ಕರಗಾಲಲ್ಲಿ ಕೂರ್ತಾಳೆ. ಕೂರೋಕೆ ಬಿಡಮ್ಮ, ಆಗ್ಲೇ ಅವಳಿಗೆ ಉಸಿರು" ಎಂದೂ ಹೇಳಿದ್ದರು.

ಮೂರು ಬಸ್ಸು ಬದಲಿಸುವ ತ್ರಾಣ ಮಗುವಿಗಿರಲಿಲ್ಲ. ಗಾಂಚೊ ತನ್ನ ವ್ಯಾನು ಕೊಡುತ್ತೇನೆಂದಿದ್ದ. ಚಳಿಗಾಲದಲ್ಲಿ ಗಿಡ ಸವರಿಸಿಕೊಳ್ಳುವಾಗಲೂ ಹೀಗೇ ಅಂದು, ಆಸ್ಪತ್ರೆಯವರು ಆಗ ಕೊಟ್ಟಿದ್ದ ತಾರೀಖು ತಪ್ಪಿಸಿದ್ದ. ಈ ಸಲ ಬೇರೆ ಮಾತು ಸೇರಿಸಿದ್ದ.

"ತೋಟ ನೋಡಕ್ಕೆ ಪರದೇಶದೋರು ಬತ್ತಾರೆ. ಹೂವ ಕೀಳೋರ ಮಕ್ಳು ಕುಣೀಬೇಕು. ನಿನ್ ಹುಡ್ಗಿ ಚೆಂದಾಗವ್ಳೆ. ಆ ತುಟಿಗೇನಾರ ಬಳಿ. ಕುಣಿತ ಮುಗಿದೇಟ್ಗೆ ವ್ಯಾನು ಹೊರಡ್ತದೆ."

ಮಕ್ಕಳು ಕೈಕೈ ಹಿಡಿದು ಕುಣಿದರು. ಎರಡು ಸುತ್ತಾಯಿತು. ಮೂರನೆಯದಕ್ಕೆ ಎಲ್ಮಾಸ್ ಕೈ ಬಿಡಿಸಿಕೊಂಡು, ಮೊಣಕಾಲು ಎದೆಗೊತ್ತಿ ನೆಲಕ್ಕೆ ಕೂತಳು. ಅದೂ ಕುಣಿತವೆಂದುಕೊಂಡ ಪರದೇಶದವರು ಚಪ್ಪಾಳೆ ತಟ್ಟಿ ಪಕಳೆ ಎರಚಿದರು.

"ಯವ್ವಾ, ಉಚ್ಚೆ ಬಂತೇನೋ ಮಗೀಗೆ!" ಗಿಡಗಳ ಸಾಲಿನಿಂದ ರೂಕಿಯೆ ಅಜ್ಜಿ ಕೂಗಿದಳು. ಹೂವು ಕೀಳುವ ಹೆಂಗಸರೆಲ್ಲ ನಕ್ಕರು.

ಸೆವ್ದಾಳ ಕಿವಿ ಬಿಸಿಯಾಯಿತು. ಓಡಿಬಂದವಳೇ ಮಗಳ ತೋಳು ಹಿಡಿದು ಎಳೆದಳು. "ಏಳೇ! ಎಲ್ರ ಮುಂದೆ ಮಾನ ಕಳೀತೀಯಾ?"

ಮಗು ಎದ್ದಿತು. ಎರಡು ಹೆಜ್ಜೆ ಹಾಕಿತು. ಆಮೇಲೆ ಬಟ್ಟೆಯ ಹಾಗೆ ಕುಸಿಯಿತು. ಉಗುರೆಲ್ಲ ಕಡುನೀಲಿ.

ಗಾಂಚೊ ಹಲ್ಲು ಕಚ್ಚಿ ಮೆಲ್ಲಗೆ ಅಂದ: "ಗಿಡದ್ ಹಿಂದಕ್ ಎತ್ಕೊಂಡೋಗು. ಜನ ನೋಡ್ತಾವ್ರೆ."

"ವ್ಯಾನು, ಸಾವ್ಕಾರ್ರೇ?"

"ಈಗೆಲ್ ವ್ಯಾನು? ಹೂವ ಎಣ್ಣೆ ಭಟ್ಟಿಗೋಗ್ಬೇಕು. ನಾಳೆ ನೋಡಾನ."

ಸೆವ್ದಾ ಅಲ್ಲೇ ಕೂತು ಮಗುವಿನ ಮೊಣಕಾಲು ಮಡಚಿ ಎದೆಗೊತ್ತಿದಳು. ತನ್ನ ಅಂಗಿಯ ತುದಿಯಿಂದ ತುಟಿಯ ಕೆಂಪು ಒರೆಸಿ, ಆ ಮುಖವನ್ನು ಎಲ್ಲರ ಕಡೆಗೆ ತಿರುಗಿಸಿದಳು.

"ನೋಡ್ರಿ. ಬಣ್ಣ ಬಳಿದೋಳು ನಾನು. ಕುಂತಿದ್ನ ಎಳ್ದೋಳೂ ನಾನೇ."

ಪರದೇಶದವರಿಗೆ ಮಾತು ತಿಳಿಯಲಿಲ್ಲ. ಸಾಲಿನಲ್ಲಿ ನಿಂತವರಿಗೆ ತಿಳಿಯಿತು. ನಗಿಸಿದ್ದ ರೂಕಿಯೆ ಅಜ್ಜಿ ತಲೆ ತಗ್ಗಿಸಿಕೊಂಡೇ ವ್ಯಾನಿನ ಹತ್ತಿರ ನಡೆದು ಅದರಲ್ಲಿ ತುಂಬಿದ್ದ ಒಂದು ಹೂವಿನ ಮೂಟೆ ಎಳೆದು ಕೆಳಕ್ಕೆ ಹಾಕಿದಳು. ಇನ್ನೊಬ್ಬಳು ಬಂದಳು. ಆಮೇಲೆ ಎಲ್ಲರೂ.

"ಏ, ಬಿಸ್ಲೇರ್ತಾ ಐತೆ! ಎಣ್ಣೆ ಹೋಯ್ತದೆ ಕಣ್ರೇ!" ಗಾಂಚೊ ಕಿರುಚಿದ.

"ಒಬ್ಳೂ ಹೂವ ಮುಟ್ಟಲ್ಲ," ಅಂದಳು ಅಜ್ಜಿ. "ಮೊದ್ಲು ಆ ಮಗು ಹೊರಡ್ಲಿ."

ಚಾಲಕ ಸಾವ್ಕಾರನ ಮುಖ ನೋಡಿದ, ಹೆಂಗಸರ ಮುಖ ನೋಡಿದ, ಹೋಗಿ ವ್ಯಾನಿನ ಸ್ಟಿಯರಿಂಗ್ ಹಿಡಿದು ಕೂತ.

ವ್ಯಾನು ಊರು ದಾಟಿದ ಮೇಲೆ ಎಲ್ಮಾಸ್ ಕಣ್ಣು ಬಿಟ್ಟಳು. ಮೊಣಕಾಲು ಇನ್ನೂ ಎದೆಗೇ ಇತ್ತು.

"ಅವ್ವಾ, ಹಿಂಗೇ ಕುಂತಿರ್ಬೋದಾ? ಬಯ್ಯಲ್ವಾ?"

ಸೆವ್ದಾಗೆ ಮಗಳ ಮುಖ ನೋಡಲಾಗಲಿಲ್ಲ.