ಹುಲ್ಲಿಗೆ ಹೋದವಳ ಗಾಯ

ಸೊಸೆಯ ಮೈಮೇಲಿನ ಗಾಯವನ್ನು ಶಿವಲಿಂಗಮ್ಮ ಕಂಡು ಮೂರು ದಿನವಾಗಿತ್ತು. ಮೂರು ದಿನವೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಜ್ವರದಲ್ಲಿ ಬೇಯುತ್ತಿದ್ದ ಭಾನುಪ್ರಿಯಳ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಕಂಡದ್ದು ಅದು. ಸೀರೆ ಬಿಗಿಯುವ ಜಾಗದಲ್ಲಿ ದುಂಡಗೆ, ಕರ್ರಗೆ, ಸುತ್ತಲೂ ಕೆಂಪಗೆ. ಸಿಗರೇಟಿನ ತುದಿ ಒತ್ತಿದರೆ ಹೇಗಾಗುತ್ತದೋ ಹಾಗೆ. ಆ ಮನೆಯಲ್ಲಿ ಸಿಗರೇಟು ಸೇದುವವನು ಮಗ ಅಶ್ವಥ್ ಒಬ್ಬನೇ. ಜ್ವರ ಬರುವ ಹಿಂದಿನ ದಿನ ಗಂಡಹೆಂಡಿರಿಗೆ ಜಗಳವಾಗಿತ್ತು. "ಹುಲ್ಲಿಗೆ ದಿನಾ ನಾನೊಬ್ಳೇ ಸಾಯ್ಬೇಕಾ" ಎಂದಿದ್ದಳು ಅವಳು. "ಬಾಯ್ಮುಚ್ಚು, ಸುಟ್ಬುಡ್ತೀನಿ" ಎಂದಿದ್ದ ಅವನು, ಉರಿಯುವ ಸಿಗರೇಟು ಕೈಯಲ್ಲೇ ಹಿಡಿದು. ಗಾಯ ಕಂಡ ಕೂಡಲೇ ಹೆತ್ತವಳಿಗೆ ನೆನಪಾದದ್ದು ಆ ಮಾತೇ. ವಿಷಯ ಹೊರಬಿದ್ದರೆ ಪೊಲೀಸು, ಕೇಸು, ಮಗನಿಗೆ ಜೈಲು. ಅದಕ್ಕೇ ಅವಳು ಸುಮ್ಮನಿದ್ದಳು.

ಈಗ ರಾಮನಗರದ ನರ್ಸಿಂಗ್ ಹೋಮಿನಲ್ಲಿ ಭಾನುಪ್ರಿಯ ಮೇಲುಸಿರು ಬಿಡುತ್ತಿದ್ದಳು. ಮಲೇರಿಯಾ ಅಲ್ಲ, ಟೈಫಾಯ್ಡ್ ಅಲ್ಲ, ಡೆಂಗಿಯೂ ಅಲ್ಲ. ಡಾಕ್ಟರು ರಿಪೋರ್ಟು ಮಡಚಿ ಕೇಳಿದರು.

"ಮೈಮೇಲೆ ಎಲ್ಲಾದ್ರೂ ಗಾಯ ಇದ್ಯಾ ಅಮ್ಮ?"

"ಏನೂ ಇಲ್ಲ ಸಾರ್." ಹೇಳುತ್ತಲೇ ಶಿವಲಿಂಗಮ್ಮ ಸೊಸೆಯ ನಡುವಿನ ಮೇಲೆ ಹೊದಿಕೆ ಎಳೆದಳು.

"ಹಂಗಾದ್ರೆ ಬೆಂಗಳೂರಿಗೆ ಕರ್ಕೊಂಡು ಹೋಗಿ. ದಾರೀಲಿ ಏನಾಗುತ್ತೋ ನಾನು ಹೇಳೋಕಾಗಲ್ಲ."

ಅಶ್ವಥ್ ಗಾಡಿ ಹುಡುಕಲು ಓಡಿದ. ಅವನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಮಾಡಿದ ತಪ್ಪಿಗೆ ಹೆದರಿದ್ದಾನೆ ಎಂದುಕೊಂಡಳು ತಾಯಿ. ಅಷ್ಟರಲ್ಲಿ ಭಾನುಪ್ರಿಯಳ ಕೈ ತಡಕಾಡಿ ಅವಳ ಸೆರಗು ಹಿಡಿಯಿತು. "ಅತ್ತೆ, ಬುಟ್ಟೋಗ್ಬೇಡಿ" ಎಂದಳು ಕಣ್ಣು ಬಿಡದೆಯೇ.

ಶಿವಲಿಂಗಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನರ್ಸ್ ಅಖ್ತರಿಯನ್ನು ಕೂಗಿದಳು.

"ಒಸಿ ಬನ್ನಿ ಸಿಸ್ಟರ್. ಒಂದು ಗಾಯ ಐತೆ, ನೋಡಿ ಮೂರು ದಿನ ಆಯ್ತು. ಸುಳ್ಳು ಹೇಳ್ಬುಟ್ಟೆ. ನನ್ ಮಗನೇ ಸುಟ್ಟವ್ನೆ."

ಅಖ್ತರಿ ಸೀರೆ ಸರಿಸಿ ನೋಡಿದವಳೇ ಡಾಕ್ಟರನ್ನು ಕರೆತಂದಳು. ಅವರು ಬಗ್ಗಿ ನೋಡಿ ತಲೆ ಎತ್ತಿದರು.

"ಇದು ಸುಟ್ಟಿದ್ದಲ್ಲ ಅಮ್ಮ, ಹುಳ ಕಚ್ಚಿದ್ದು. ಹುಲ್ಲಲ್ಲಿ, ಪೊದೇಲಿ ಇರುತ್ತೆ. ದನದ ಮೈಮೇಲಿನ ಉಣ್ಣೆಗಿಂತ ಸಣ್ಣದು, ಕಚ್ಚಿದ್ರೂ ಗೊತ್ತಾಗಲ್ಲ. ಈ ಜ್ವರಕ್ಕೆ ಬೇರೆ ಔಷಧಿನೇ ಇದೆ. ಸಿಸ್ಟರ್, ತಕ್ಷಣ ಶುರು ಮಾಡಿ." ಅಖ್ತರಿ ಔಷಧಿ ತರಲು ಹೋದಳು. "ಹುಲ್ಲಿಗೆ ಹೋಗ್ತಾಳಾ? ಎಲ್ಲಿಂದ ತರ್ತಾಳೆ?" ಎಂದರು ಡಾಕ್ಟರು.

"ಮರಳವಾಡಿ ಹತ್ರ ಫ್ಯಾಕ್ಟ್ರಿಗೆ ಅಂತ ಬೇಲಿ ಹಾಕವ್ರಲ್ಲ, ಅಲ್ಲಿಂದ. ಮುಂಚೆ ನಮ್ದೇ ಹಿಪ್ನೇರಳೆ ತೋಟ."

"ಬಂದ ತಕ್ಷಣ ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ್ರೆ ಎಷ್ಟೋ ತಪ್ಪುತ್ತೆ. ಮಾಡ್ತಾಳಾ?"

ಶಿವಲಿಂಗಮ್ಮ ತಲೆ ತಗ್ಗಿಸಿದಳು. ರೇಷ್ಮೆಹುಳು ಸಾಕುವಾಗ ತೋಟದಿಂದ ಬಂದವರು ಮಿಂದು ಬೇರೆ ಬಟ್ಟೆ ಹಾಕಿಕೊಳ್ಳದೆ ಹುಳುವಿನ ಮನೆಯ ಹೊಸಿಲು ದಾಟುವಂತಿರಲಿಲ್ಲ. ಹುಳುವಿಗೆ ರೋಗ ಬಂದೀತೆಂದು ಅವಳೇ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ತೋಟ ಹೋಯಿತು, ಹುಳು ಹೋಯಿತು, ಬಚ್ಚಲ ಒಲೆಯೂ ಆರಿತು. ಸೊಸೆ ಬೆವರಿದ ಸೀರೆಯಲ್ಲೇ ಅಡುಗೆಗೆ ಕೂತರೆ ಒಂದು ದಿನವೂ ಎದ್ದು ಮೀಯೆಂದು ಹೇಳಿರಲಿಲ್ಲ.

ಎರಡನೆಯ ದಿನ ಜ್ವರ ಇಳಿಯಿತು. ಭಾನುಪ್ರಿಯ ಗಂಜಿ ಕುಡಿದು ಮಲಗಿದಳು. ಅಶ್ವಥ್ ತಾಯಿಯ ಪಕ್ಕ ಬಂದು ಕೂತ.

"ಸಿಸ್ಟರ್ ಹೇಳಿದ್ರು, ಗಾಯ ನೋಡಿ ಮೂರು ದಿನ ಆಗಿತ್ತಂತೆ. ಯಾಕವ್ವ ಹೇಳ್ಲಿಲ್ಲ?"

"ನೀನು ಸುಟ್ಟಿದ್ದೀಯ ಅಂದ್ಕಂಡೆ ಕಣಪ್ಪ."

ಬೈಯುತ್ತಾನೆಂದು ಕಾದಳು. ಬೈಯಲಿಲ್ಲ. ಮಲಗಿದ್ದ ಹೆಂಡತಿಯನ್ನು ಒಮ್ಮೆ ನೋಡಿ, ತಾಯಿಯ ಕಡೆ ತಿರುಗಿದ.

"ಹಂಗಂದ್ಕಂಡೂ ಸುಮ್ನಿದ್ಯಾ ಅವ್ವ?"