ಪಿತಾಯ ಹೂವಿನ ಪಾಳಿ

ಹನ್ನೊಂದು ವರ್ಷಗಳಿಂದ ಮೇ ತಿಂಗಳು ಬಂತೆಂದರೆ ಸಿರಿಲಾ ಊರು ಬಿಟ್ಟು ಕದಲುವಂತಿರಲಿಲ್ಲ. ಅವಳ ಅಣ್ಣ ಅನ್ಸೆಲ್ಮೊ ಹಿತ್ತಿಲಿನ ಕಲ್ಲುಗೋಡೆಗಳ ಮೇಲೆಲ್ಲ ಪಿತಾಯ ಕಳ್ಳಿ, ಅಂದರೆ ಡ್ರ್ಯಾಗನ್ ಹಣ್ಣಿನ ಬಳ್ಳಿ, ಹಬ್ಬಿಸಿದ್ದ. ನಾಡತಳಿಯಲ್ಲ, ಹೊರಗಿನಿಂದ ತಂದ ಕೆಂಪು ತಿರುಳಿನದು. ಅದರ ಹೂವು ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಕತ್ತಲಾದ ಮೇಲೆ ಅರಳಿ ಬಿಸಿಲೇರುವಷ್ಟರಲ್ಲಿ ಬಾಡುವ ಆ ಹೂವಿಗೆ ಬಿಳಿ ತಿರುಳಿನ ತಳಿಯ ಪರಾಗವನ್ನು ಕುಂಚದಿಂದ ಸವರಬೇಕು. ಸವರದಿದ್ದರೆ ನಾಲ್ಕೈದು ದಿನಕ್ಕೆ ಬುಡ ಹಳದಿಯಾಗಿ ಉದುರುತ್ತದೆ. ಮನೆಯಲ್ಲಿ ಆ ಕೈಗುಣ ಇದ್ದದ್ದು ಸಿರಿಲಾಗೆ ಮಾತ್ರ. ಅನ್ಸೆಲ್ಮೊ ಮುಟ್ಟಿದರೆ ಹೂವೇ ಮುರಿಯುತ್ತಿತ್ತು. ಅವನ ಹೆಂಡತಿ ನೆಲ್ವಾ ಕಲಿಯಲು ಬಂದಾಗಲೆಲ್ಲ ಪರಾಗದ ಬಟ್ಟಲನ್ನು ನೆಲಕ್ಕೆ ಕವುಚುತ್ತಿದ್ದಳು.

ಎರಡು ವರ್ಷದ ಹಿಂದೆ ತಿಕುಲ್ ಪಟ್ಟಣದಿಂದ ತಿಬುರ್ಸಿಯೊ ಎಂಬ ಚಪ್ಪಲಿ ಹೊಲಿಯುವ ವಿಧುರ, ವಾಡಿಕೆಯಂತೆ ಬ್ರೆಡ್ಡು ಚಾಕೊಲೇಟು ಹೊತ್ತುಕೊಂಡು ಹೆಣ್ಣು ಕೇಳಲು ಬಂದಿದ್ದ. ಸಿರಿಲಾಗೆ ಆಗ ಮೂವತ್ತೊಂಬತ್ತು. ಅವನು ತಂದದ್ದನ್ನೆಲ್ಲ ಅನ್ಸೆಲ್ಮೊ ತೆಗೆದುಕೊಂಡ, ಚಾಕೊಲೇಟು ಕಾಯಿಸಿ ಅವನಿಗೇ ಕುಡಿಸಿದ, ಹೂವಿನ ಕಾಲ ಮುಗಿಯಲಿ ಎಂದ. ಹೂವಿನ ಕಾಲ ಮುಗಿದಾಗ ಬಳ್ಳಿ ಕತ್ತರಿಸುವ ಕಾಲ ಬಂತು, ಆಮೇಲೆ ತುಂಡು ನೆಡುವ ಕಾಲ, ಆಮೇಲೆ ಮತ್ತೆ ಮೊಗ್ಗು.

ಈ ಜುಲೈಯಲ್ಲಿ ತಿಬುರ್ಸಿಯೊ ಊರಿಗೂ ತಿಕುಲ್‌ಗೂ ಓಡಾಡುವ ವ್ಯಾನಿನವನ ಕೈಲಿ ಹೇಳಿ ಕಳಿಸಿದ. ಶನಿವಾರ ಮೊಮ್ಮಗಳ ಜ್ಞಾನಸ್ನಾನ, ನೆಂಟರಂತಾದರೂ ಬಂದು ಹೋಗು ಎಂದು. ಅನ್ಸೆಲ್ಮೊ ಬೇಡ ಎನ್ನಲಿಲ್ಲ. ಅವಳನ್ನು ಗೋಡೆಯ ಬಳಿ ಕರೆದುಕೊಂಡು ಹೋಗಿ, ಶನಿವಾರ ಸಂಜೆಗೆ ಸರಿಯಾಗಿ ಬಿರಿಯಲಿದ್ದ ಮೊಗ್ಗುಗಳನ್ನು ತೋರಿಸಿದ, ಅಷ್ಟೆ.

ಅವನು ಹೋದ ಮೇಲೆ ಸಿರಿಲಾ ಹಂದಿಗೂಡಿನ ಹಿಂದಿನ ಗೋಡೆಯತ್ತ ನಡೆದಳು. ಹಿಂದಿನ ವಾರ ಜ್ವರ ಬಂದು ಆ ಗೋಡೆಯ ಹೂಗಳನ್ನು ಅವಳು ಮುಟ್ಟಿರಲೇ ಇಲ್ಲ. ಉದುರಿರಬೇಕಾಗಿದ್ದ ಹೂಗಳ ಬುಡವೆಲ್ಲ ಹಸಿರಾಗಿ ದುಂಡಗಾಗಿತ್ತು. ಅವಳು ನೇರ ಅಡುಗೆ ಗುಡಿಸಲಿಗೆ ಹೋಗಿ ನೆಲ್ವಾಳ ಮುಂದೆ ನಿಂತಳು.

“ಯಾರಿಗೂ ಹೇಳ್ಬೇಡಕ್ಕ,” ಎಂದಳು ನೆಲ್ವಾ. “ನಿಂಗೆ ಜ್ವರ ಅಂತ ಅವತ್ತೊಂದಿನ ಮಾಡ್ದೆ. ನಂಗೂ ಬರುತ್ತೆ ಅಂತ ಅವ್ರಿಗೆ ಗೊತ್ತಾದ್ರೆ ನಂದೂ ನಿನ್ನ ಪಾಡೇ.”

“ಬಟ್ಟಲು ಕವುಚಿದ್ದು?”

“ಬೇಕಂತಲೇ.”

ಸಿರಿಲಾಗೆ ಸಿಟ್ಟು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು. ತಾನು ಕಣ್ಣುಮುಚ್ಚಿ ಬಿದ್ದ ಗುಂಡಿಯನ್ನು ತನಗಿಂತ ಹತ್ತು ವರ್ಷ ಚಿಕ್ಕವಳು ನೋಡಿ, ಬಳಸಿಕೊಂಡು ಹೋಗಿದ್ದಳು.

“ನಾನು ಹೇಳಲ್ಲ. ಆದ್ರೆ ಶನಿವಾರ ತಿಕುಲ್‌ಗೆ ಹೋಗೋಳೇ. ಹೂವು ಉದುರಿದ್ರೆ ಉದುರ್ಲಿ.”

ಹೋದಳು. ಮಗುವನ್ನು ಎತ್ತಿಕೊಂಡಳು, ಟರ್ಕಿ ಕೋಳಿಯ ಕಪ್ಪು ಸಾರು ಎರಡು ಸಲ ಹಾಕಿಸಿಕೊಂಡು ಉಂಡಳು. ತಿಬುರ್ಸಿಯೊ ಮದುವೆಯ ಮಾತೆತ್ತಲಿಲ್ಲ. ತನ್ನ ಚಪ್ಪಲಿ ಅಂಗಡಿಯ ಹಿಂದಿನ ಕೋಣೆ ತೋರಿಸಿದ. ಅದಕ್ಕೆ ಪಕ್ಕದ ಬೀದಿಗೆ ತೆರೆಯುವ ಕಿಟಕಿ ಇತ್ತು. ಅವಳು ಆ ಕಿಟಕಿಯಲ್ಲಿ ಬಹಳ ಹೊತ್ತು ನಿಂತಿದ್ದಳು.

ಭಾನುವಾರ ಹಿಂತಿರುಗಿದಾಗಿನಿಂದ ನಾಲ್ಕು ದಿನ ಅಣ್ಣ ಮಾತಾಡಲಿಲ್ಲ. ಐದನೆಯ ದಿನ ನೋಡಿದರೆ ಒಂದು ಹೂವೂ ಉದುರಿರಲಿಲ್ಲ. ಅನ್ಸೆಲ್ಮೊ ಗೋಡೆಗಳನ್ನು ಎರಡು ಸುತ್ತು ಹಾಕಿ ಬಂದು ಊಟಕ್ಕೆ ಕೂತು, ಈ ಸಲ ಜೇನ್ನೊಣವೇ ಎಲ್ಲ ಮಾಡಿಬಿಟ್ಟಿದೆ ಎಂದ. ನೆಲ್ವಾ ತಲೆಯೆತ್ತದೆ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು.

“ಹಾಗಾದ್ರೆ ನಾನಿಲ್ದಿದ್ರೂ ನಡೆಯುತ್ತಲ್ಲಣ್ಣ,” ಎಂದಳು ಸಿರಿಲಾ. “ತಿಬುರ್ಸಿಯೊಗೆ ಹೂಂ ಅಂತ ಹೇಳಿ ಕಳಿಸ್ಲಾ?”

ಅನ್ಸೆಲ್ಮೊ ತಟ್ಟೆಯಲ್ಲಿ ಉಳಿದ ಹುರುಳಿಯನ್ನು ರೊಟ್ಟಿಯಿಂದ ಬಳಿದುಕೊಂಡ. “ಜೇನು ಇವತ್ತು ಬರುತ್ತೆ, ನಾಳೆ ಬರಲ್ಲ. ನೀನಾದ್ರೆ ಇಲ್ಲೇ ಇರ್ತೀಯ.”

ದನಿಯಲ್ಲಿ ಕೋಪವಿರಲಿಲ್ಲ. ಮಳೆ ಬರುತ್ತದೆ ಎಂದಂತೆ ಹೇಳಿದ. ಹೂವು ಬರೀ ನೆಪವಾಗಿತ್ತೆಂದು ಸಿರಿಲಾಗೆ ಹೊಳೆದದ್ದು ಆಗಲೇ. ಮಾಡಿದ್ದು ಜೇನಲ್ಲ, ನೆಲ್ವಾ ಎಂದುಬಿಟ್ಟರೆ ಆ ನೆಪವೂ ಉಳಿಯುತ್ತಿರಲಿಲ್ಲ. ನೆಲ್ವಾಳ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತ್ತು. ಸಿರಿಲಾ ಆ ಕೈಯನ್ನು ನೋಡಿದಳು, ತಟ್ಟೆ ಎತ್ತಿಕೊಂಡು ಎದ್ದಳು.

ಮತ್ತೆ ಹೂವು ಅರಳಿದಾಗ ಅವಳು ಮುಂಭಾಗದ ಗೋಡೆಯನ್ನಷ್ಟೇ ಮುಗಿಸಿ, ಬಟ್ಟಲು ತೊಳೆದಿಟ್ಟು ತೂಗುಮಂಚಕ್ಕೆ ಬಂದು ಮಲಗಿದಳು. ಹಿಂದಿನ ಗೋಡೆಯ ಹೂವೆಲ್ಲ ಉದುರಿತು. ನೆಲ್ವಾ ಆ ಕಡೆ ಸುಳಿಯಲಿಲ್ಲ. ಅನ್ಸೆಲ್ಮೊ ಉದುರಿದ್ದನ್ನು ಗುಡಿಸಿ ಹಂದಿಗೆ ಹಾಕಿದ. ಅಕ್ಟೋಬರಿನವರೆಗೆ ಹೀಗೇ ನಡೆಯಿತು. ಅವನು ಹೋಗು ಎನ್ನಲಿಲ್ಲ, ಅವಳು ಮತ್ತೆ ಕೇಳಲಿಲ್ಲ. ತಿಬುರ್ಸಿಯೊಗೆ ಮರುಮಾತು ಇದೆಯೇನೋ ಎಂದು ವ್ಯಾನಿನವನು ಗೇಟಿನ ಬಳಿ ನಿಧಾನ ಮಾಡಿ, ಯಾರೂ ಬಾರದ್ದು ಕಂಡು ಮುಂದೆ ಹೋಗುತ್ತಿದ್ದ.