ಆರ್ಲೋ ನಿಂತ ಮೂಲೆ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಹಾಗಂದವರು ನಮ್ಮ ಅಮೆರಿಕದ ಅಯೋವಾ ರಾಜ್ಯದವರಲ್ಲ ಬಿಡಿ. ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಆ ಜಗಳವನ್ನ ಊರ ಶಾಲೆಯ ಆಟದ ಹಾಲಿಗೆ ಹೊತ್ಕೊಂಡು ಹೋಗಿ ಅಕ್ಕಪಕ್ಕದವರ ಮುಂದೆ ಹರವಬೇಕು. ಅಧ್ಯಕ್ಷ ಪದವಿಗೆ ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಅಂತ ಆರಿಸೋಕೆ ನಮಗೆ ಪೆಟ್ಟಿಗೆ ಇಲ್ಲ, ಪರದೆ ಇಲ್ಲ. ನಿಮ್ಮವನು ಯಾರೋ ಅವನ ಮೂಲೆಗೆ ಹೋಗಿ ನಿಲ್ಲೋದು, ತಲೆ ಎಣಿಸೋದು. ನೂರಕ್ಕೆ ಹದಿನೈದು ಜನ ಸೇರದ ಗುಂಪು ಲೆಕ್ಕಕ್ಕಿಲ್ಲ. ಅದು ಒಡೆದು ಬೇರೆ ಮೂಲೆ ಸೇರಬೇಕು, ಇಲ್ಲಾ ಬೇರೆ ಮೂಲೆಯವರನ್ನ ಎಳ್ಕೋಬೇಕು.

ಈ ಜನವರಿಯಲ್ಲಿ ನಾನು ಆಸ್ಟ್ರಾಂಡರ್ ಮೂಲೇಲಿ ನಿಂತಿದ್ದೆ. ನನ್ನ ಗಂಡ ಆರ್ಲೋ ಎದುರು ಮೂಲೇಲಿ, ಕ್ರೆಸ್ವೆಲ್ ಕಡೆ, ಎದೆಗೆ ಬಿಲ್ಲೆ ಚುಚ್ಕೊಂಡು.

ಇಬ್ಬರೂ ಸೆನೆಟರುಗಳೇ. ಇರಾಕಿನ ಮೇಲೆ ಯುದ್ಧಕ್ಕೆ ಹೋಗೋಣವೇ ಅಂತ ಕೇಳಿದ ದಿನ ಆಸ್ಟ್ರಾಂಡರ್ ಬೇಡ ಅಂದ. ಬೇಡ ಅಂದವನನ್ನ ದೇಶದ್ರೋಹಿ ಅಂತ ಕರೀತಿದ್ದ ಕಾಲ ಅದು. ಕ್ರೆಸ್ವೆಲ್ ಕೈ ಎತ್ತಿ ಹೂಂ ಅಂದ, ಮೇಲೊಂದು ಭಾಷಣ ಬೇರೆ ಬಿಗಿದ. ಈಗ ಜನಕ್ಕೆ ಯುದ್ಧ ಸಾಕಾಗಿದೆ ಅಂತ ಗೊತ್ತಾದ ಮೇಲೆ, ಹುಡುಗರನ್ನ ಮನೆಗೆ ಕರೆತರ್ತೀನಿ ಅಂತ ಊರೂರು ತಿರುಗ್ತಿದಾನೆ. ಗಾಳಿ ಬಂದಾಗ ತೂರಿಕೊಳ್ಳೋ ಪೈಕಿ.

ಕರೆತರೋಕೆ ನಮ್ಮ ಮಗ ವೆಂಡೆಲ್ ಉಳಿದಿಲ್ಲ. ಅವನು ಆ ಯುದ್ಧದಲ್ಲೇ ಹೋದ, ಎರಡು ವರ್ಷ ಆಯ್ತು. ಅವನ ತಂಗಿ ಜೋಲೀನ್ ಕೂಡ ಪಡೆಯಲ್ಲಿದ್ದಾಳೆ, ಏಪ್ರಿಲ್‌ನಲ್ಲಿ ಅಲ್ಲಿಗೇ ಹೊರಡಬೇಕು ಅಂತ ಆಜ್ಞೆ ಬಂದಿತ್ತು. ಹೊಸ ಅಧ್ಯಕ್ಷ ಕುರ್ಚಿ ಹತ್ತೋ ಹೊತ್ತಿಗೆ ಅವಳು ಅಲ್ಲೇ ಇರ್ತಾಳೆ. ಅವಳನ್ನ ಯಾರು ವಾಪಸ್ ಕರೆಸ್ತಾರೆ ಅನ್ನೋದೊಂದೇ ನನ್ನ ತಲೇಲಿದ್ದದ್ದು.

ಸಭೆ ನಡೆಸ್ತಿದ್ದವನು ಹಾರ್ಡ್‌ವೇರ್ ಅಂಗಡಿ ಗೇಲನ್. ಎಣಿಸಿ ಮುಗಿಸಿ, ನಮ್ಮ ಗುಂಪಿಗೆ ಒಬ್ಬರು ಕಮ್ಮಿ ಅಂದ. ಅರ್ಧ ಗಂಟೆ ಟೈಮು, ಅಷ್ಟರಲ್ಲಿ ಒಬ್ಬರನ್ನ ತಂದ್ರೆ ಉಳೀತೀರಿ, ಇಲ್ಲಾಂದ್ರೆ ಇಲ್ಲ.

ತಕ್ಷಣ ಲಾವಾನ್ ಆಬಾಸ್ ಬಿಸ್ಕತ್ತಿನ ತಟ್ಟೆ ಹಿಡ್ಕೊಂಡು ನಮ್ಮ ಮೂಲೆಗೆ ಬಂದಳು. ಕ್ರೆಸ್ವೆಲ್ ಕಡೆಯ ಯಜಮಾನಿಕೆ ಅವಳದ್ದು. ತಪ್ಪಿನಿಂದ ಕಲಿಯೋದೇ ವಿವೇಕ, ಹಿಡಿದ ಹಟ ಬಿಡದೇ ಇರೋದು ದೊಡ್ಡತನ ಅಲ್ಲ ಅಂತ ನಯವಾಗಿ ಶುರು ಮಾಡಿದಳು. ಸರಿ, ತಪ್ಪು ಮಾಡಿದೆ ಅಂತ ಕ್ರೆಸ್ವೆಲ್ ಎಲ್ಲಾದ್ರೂ ಬಾಯಿ ಬಿಟ್ಟಿದಾನಾ ಅಂತ ಕೇಳಿದೆ. ಅವನಿಗೆ ಆವಾಗ ಸುಳ್ಳು ಮಾಹಿತಿ ಕೊಟ್ಟಿದ್ರಂತೆ. ಅದೇ ಮಾಹಿತಿ ಆಸ್ಟ್ರಾಂಡರ್ ಕೈಗೂ ಕೊಟ್ಟಿದ್ರಲ್ಲ ತಾಯೀ, ಅವನಿಗೆ ಕಣ್ಣಿತ್ತು ಇವನಿಗಿರ್ಲಿಲ್ವಾ ಅಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋನಿಗೆ ವಿವೇಕಿ ಅನ್ನೋದಾದ್ರೆ ಈ ಊರಲ್ಲಿ ದಡ್ಡರೇ ಇಲ್ಲ. ಲಾವಾನ್ ತಟ್ಟೆ ಸಮೇತ ಹಿಂದಕ್ಕೆ ಹೋದಳು.

ನನಗೆ ಮೈಯೆಲ್ಲ ಉರೀತಿತ್ತು. ಹಾಲಿನ ನಡುವೆ ನಡ್ಕೊಂಡು ಹೋಗಿ ಆರ್ಲೋ ಮುಂದೆ ನಿಂತೆ. ಸುತ್ತ ಇದ್ದವರೆಲ್ಲ ತಂತಮ್ಮ ಬೂಟು ನೋಡೋಕೆ ಶುರು ಮಾಡಿದರು. ನಮ್ಮೂರಿನ ಮರ್ಯಾದೆ ಅದು. ಸಾವಾದ ಮನೆಗೆ ಬಿಸಿಬಿಸಿ ಅಡಿಗೆ ತಂದು ಕೊಡ್ತಾರೆ, ಮೆಕ್ಕೆಜೋಳದ ಬೆಳೆ ಹೇಗಿದೆ ಅಂತ ಕೇಳ್ತಾರೆ, ಹೋಗ್ತಾರೆ. ಎರಡು ವರ್ಷದಲ್ಲಿ ಒಬ್ಬರೂ ನನ್ನೆದುರು ವೆಂಡೆಲ್ ಹೆಸರನ್ನೂ ಆ ಯುದ್ಧದ ಹೆಸರನ್ನೂ ಒಂದೇ ಮಾತಲ್ಲಿ ಎತ್ತಿರಲಿಲ್ಲ.

"ಒಬ್ರು ಬೇಕು, ಬಾ," ಅಂದೆ.

ಆರ್ಲೋ ಬರಲ್ಲ ಅಂತ ತಲೆ ಅಲ್ಲಾಡಿಸಿದ. "ಕ್ರೆಸ್ವೆಲ್ ನಮ್ಮ ಹುಡುಗನ ಮಣ್ಣಿಗೆ ಬಂದಿದ್ದ, ನನ್ನ ಕೈ ಹಿಡಿದು ಮಾತಾಡ್ಸಿದ್ದ. ನಿನ್ನೋನು ಬಂದಿದ್ನಾ?" ಅಂತ ಕೇಳಿದ. ಬಂದಿದ್ದ, ನಿಜ. ಸಾಯೋಕೆ ಕಳಿಸಿದವನೇ ಹೆಣ ಹೊರೋಕೆ ಬಂದ್ರೆ ಅದನ್ನ ಉಪಕಾರ ಅಂತೀಯಾ ಅಂದೆ. ಹೆಂಡತಿ ಆಡಬಾರದ ಮಾತೇ ಇರಬಹುದು, ಆಡಿದೆ.

ಆಗ ಅವನು ಕೇಳಿಯೇಬಿಟ್ಟ.

"ವರ್ನಾ, ನಿನ್ನೋನು ಹೇಳಿದ್ದು ಮೊದಲಿಂದ್ಲೂ ಸರಿ ಅಂದ್ರೆ, ನಮ್ಮ ಹುಡುಗ ಯಾತಕ್ಕೆ ಸತ್ತ? ಅದನ್ನ ಹೇಳು ನಂಗೆ."

ಇಷ್ಟು ದಿನ ಅವನು ಆ ಮೂಲೇಲಿ ಯಾಕೆ ನಿಂತಿದ್ದ ಅಂತ ನನಗೆ ಆಗ ಅರ್ಥ ಆಯ್ತು. ಕ್ರೆಸ್ವೆಲ್ ಕೈ ಎತ್ತಿದ್ದು ಅಂದಿಗೆ ಸರಿಯಾಗಿತ್ತು ಅಂತ ಒಬ್ಬನಾದ್ರೂ ಹೇಳ್ತಿರಬೇಕಿತ್ತು ಅವನಿಗೆ. ಪಾಪ ಅನ್ನಿಸ್ತು. ಆದರೂ ಸುಮ್ಮನಿರಲಿಲ್ಲ.

"ಯಾತಕ್ಕೂ ಅಲ್ಲ ಆರ್ಲೋ. ಸುಮ್ಮನೆ ಸತ್ತ. ಸುಮ್ಮನೆ ಕೊಂದರು ಅವನನ್ನ. ಜೋಲೀನ್ ಇನ್ನೂ ಇದಾಳೆ."

ಇಡೀ ಹಾಲು ಕೇಳಿಸ್ಕೊಂಡಿತು. ಗೇಲನ್ ಗಡಿಯಾರ ನೋಡಿದ. ಆರ್ಲೋ ಎದೆ ಮೇಲಿನ ಬಿಲ್ಲೆ ಕಿತ್ತು ಲಾವಾನ್ ಕೈಗೆ ಕೊಟ್ಟು, ನನ್ನ ಮುಖ ನೋಡದೆ, ಆ ಹಾಲನ್ನ ದಾಟಿ ನಮ್ಮ ಮೂಲೆಯ ಕೊನೇಲಿ ಹೋಗಿ ನಿಂತ. ಗೇಲನ್ ಮತ್ತೆ ಎಣಿಸಿದ. ನಮ್ಮ ಗುಂಪು ಉಳೀತು. ನಮ್ಮವರು ಚಪ್ಪಾಳೆ ತಟ್ಟಿದರು, ಅವನು ತಟ್ಟಲಿಲ್ಲ.

ಮಾರನೇ ದಿನ ಅವನೇ ಆಸ್ಟ್ರಾಂಡರ್ ಹೆಸರಿನ ಫಲಕ ತಂದು, ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದ್ದ ನೆಲಕ್ಕೆ ಕೆಟಲ್‌ಗಟ್ಟಲೆ ಬಿಸಿನೀರು ಸುರಿದು, ಅಂಗಳದಲ್ಲಿ ನೆಟ್ಟ. ಮನೇಲಿ ಮಾತು ಕಮ್ಮಿ. ಆದರೆ ಎರಡು ವರ್ಷ ಮುಚ್ಚಿದ್ದ ವೆಂಡೆಲ್ ಕೋಣೆ ಬಾಗಿಲು ತೆಗೆದು, ಒಳಗೆ ಕೂತು, ಜೋರಾಗಿ ಅತ್ತ. ನಾನು ಕೇಳಿಸದವಳ ಹಾಗೆ ಪಾತ್ರೆ ತೊಳೀತಿದ್ದೆ.

ತಿಂಗಳು ತುಂಬೋದರೊಳಗೆ, ಒಂದು ಬೆಳಗ್ಗೆ ಕಾಫಿ ಕುಡೀತಿದ್ವಿ, ರೇಡಿಯೋದಲ್ಲಿ ಬಂತು. ಆಸ್ಟ್ರಾಂಡರ್ ಕಣದಿಂದ ಹಿಂದೆ ಸರಿದನಂತೆ. ಅಷ್ಟೇ ಆಗಿದ್ರೆ ಸೋತ ಅಂತ ಬಿಡ್ತಿದ್ದೆ. ನನ್ನ ಹಿಂದೆ ನಿಂತವರೆಲ್ಲ ಇನ್ನು ಕ್ರೆಸ್ವೆಲ್ ಹಿಂದೆ ನಿಲ್ಲಿ ಅಂತ ಅವನದೇ ದನಿಯಲ್ಲಿ ಹೇಳಿದ. ಯುದ್ಧ, ಶಾಂತಿ ವಿಷಯದಲ್ಲಿ ಸೆನೆಟರ್ ಕ್ರೆಸ್ವೆಲ್ ಅವರ ವಿವೇಕದ ಮೇಲೆ ನನಗೆ ಎಂದೂ ಅನುಮಾನ ಇದ್ದಿದ್ದಿಲ್ಲ ಅಂದ. ಎಂದೂ ಅಂತೆ. ಹಿಂದೆ ಜನ ಚಪ್ಪಾಳೆ ತಟ್ತಿದ್ರು.

ಆರ್ಲೋ ರೇಡಿಯೋ ಆರಿಸಿದ.

"ಈಗ ಎಲ್ಲಿ ನಿಲ್ಲಲಿ, ವರ್ನಾ?" ಅಂತ ಕೇಳಿದ. ಕುಹಕ ಇರಲಿಲ್ಲ ದನಿಯಲ್ಲಿ. ನಿಜವಾಗ್ಲೂ ಕೇಳ್ತಿದ್ದ.

ನಾನು ಕೋಟೂ ಹಾಕ್ಕೊಳ್ಳದೆ ಹೊರಗೆ ಹೋಗಿ ಆ ಫಲಕಕ್ಕೆ ಒದ್ದೆ. ಹಲಗೆ ಮುರೀತು, ಅದರ ಗೂಟ ಅಲ್ಲಾಡಲಿಲ್ಲ. ಎರಡೂ ಕೈಲಿ ಹಿಡಿದು ಎಳೆದೆ. ಬಾಯಿಗೆ ಬಂದ ಹಾಗೆ ಬೈದೆ, ಇಬ್ಬರನ್ನೂ, ಅವರ ವಂಶವನ್ನೂ. ಎದುರುಮನೆಯವರು ಕಿಟಕಿ ಪರದೆ ಸರಿಸಿದರು, ಸರಿಸ್ಲಿ. ಆರ್ಲೋ ಮನೆ ಚಪ್ಪಲೀಲೇ ಬಂದು ನನ್ನ ಭುಜದ ಮೇಲೆ ಕೋಟು ಹಾಕಿ, ಅವನೂ ಒಂದು ಸಲ ಎಳೆದು ನೋಡಿದ.

"ಬಿಡು, ನೆಲ ಕರಗೋ ತನಕ ಬರಲ್ಲ ಇದು," ಅಂದ.

ನಮ್ಮಲ್ಲಿ ನೆಲ ಕರಗೋದು ಏಪ್ರಿಲ್‌ನಲ್ಲಿ. ಜೋಲೀನ್ ಹೊರಡೋದೂ ಆಗಲೇ.